ಮಲ್ಲಿಗೆ ಬಳ್ಳಿಯಲ್ಲಿ ಪಿಕಳಾರ ಕಾವಿಗೆ ಕೂತಿದೆ, ಗೋಡೆಗೆ ಬಣ್ಣ ಯಾವಾಗ ಹೊಡೆಸೋದು?

ಪ್ರಶ್ನೆ: ನಮ್ಮದು ಬನಶಂಕರಿಯಲ್ಲಿ ಹಳೇ ಮನೆ, ಮುಂದೆ ಪುಟ್ಟ ಕೈತೋಟ. ಕಿಟಕಿ ಪಕ್ಕದ ಮಲ್ಲಿಗೆ ಬಳ್ಳಿಯಲ್ಲಿ ಜುಟ್ಟಿನ ಹಕ್ಕಿಯೊಂದು ಗೂಡು ಕಟ್ಟಿದೆ. ಕೆನ್ನೆ ಮೇಲೆ ಕೆಂಪು ಬೊಟ್ಟು ಇದೆ. ಮಾರ್ಚ್ 8ಕ್ಕೆ ಒಂದು ಮೊಟ್ಟೆ ಇತ್ತು, 10ಕ್ಕೆ ಮೂರಾಯಿತು. ಈಗ ದಿನವಿಡೀ ಕೂತಿರುತ್ತದೆ. ಮೇ ಮೊದಲ ವಾರ ಮಗನ ಮದುವೆ. ಬಣ್ಣ ಹೊಡೆಯುವವರು ಇದೇ 20ಕ್ಕೆ ಬರುತ್ತಾರೆ. ಗೂಡನ್ನು ಹಿತ್ತಲಿನ ದಾಸವಾಳಕ್ಕೆ ಸಾಗಿಸಬಹುದಾ? ಮುಟ್ಟಿದರೆ ತಾಯಿ ಹಕ್ಕಿ ಬಿಟ್ಟು ಹೋಗುತ್ತದೆ ಅಂತಾರೆ ಅತ್ತೆ. ಆರು ವರ್ಷದ ಮೊಮ್ಮಗ ಗಂಟೆಗೊಮ್ಮೆ ಸ್ಟೂಲ್ ಹಾಕಿಕೊಂಡು ಇಣುಕುತ್ತಾನೆ. ಹೋದ ವರ್ಷವೂ ಇದೇ ಬಳ್ಳಿಯಲ್ಲಿ ಗೂಡಿತ್ತು, ಮೊಟ್ಟೆ ಒಡೆಯುವ ಮೊದಲೇ ಒಂದು ದಿನ ಖಾಲಿ. ಗೂಡು ಮಾತ್ರ ಹಾಗೇ ಇತ್ತು. ಬೀದಿ ಬೆಕ್ಕೊಂದರ ಮೇಲೆ ನನಗೆ ಅನುಮಾನ. ಅತ್ತೆ ಬೆಳಗ್ಗೆ ಕಾಂಪೌಂಡ್ ಮೇಲೆ ಕಾಗೆಗೆ ಅನ್ನ ಇಡುವಾಗ ಅದನ್ನು ಓಡಿಸುತ್ತಾರೆ. ಈ ಸಲವಾದರೂ ಮರಿಗಳು ಉಳಿಯಬೇಕು. ಏನು ಮಾಡಲಿ?

ಉತ್ತರ: ಗೂಡನ್ನು ಜರುಗಿಸಬೇಡಿ. ಬಣ್ಣ ಹೊಡೆಸುವ ದಿನವನ್ನು ಜರುಗಿಸಿ. ಅದೂ ಇಡೀ ಮನೆಯದ್ದಲ್ಲ, ಆ ಒಂದು ಗೋಡೆಯದ್ದು ಮಾತ್ರ.

ನೀವು ತಾರೀಖು ಬರೆದಿದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ಹಕ್ಕಿ ಕೆಮ್ಮೀಸೆ ಪಿಕಳಾರ. ಮೂರನೇ ಮೊಟ್ಟೆ ಮಾರ್ಚ್ 10ಕ್ಕೆ ಬಂತು ಅಂದಿರಿ. ಕಾವು ಸುಮಾರು 12 ದಿನ. ಅಂದರೆ 22ರ ಆಸುಪಾಸಿನಲ್ಲಿ ಮರಿ ಹೊರಗೆ ಬರುತ್ತವೆ. ಅಲ್ಲಿಂದ ಮತ್ತೆ ಹನ್ನೆರಡು ಹದಿಮೂರು ದಿನಕ್ಕೆ ಮರಿಗಳು ಗೂಡು ಬಿಟ್ಟು ಇಳಿಯುತ್ತವೆ. ಏಪ್ರಿಲ್ 4 ಅಂದುಕೊಳ್ಳಿ. ಹೆಚ್ಚುಕಡಿಮೆ ಆಗಲಿ ಅಂತ ಇನ್ನು ನಾಲ್ಕು ದಿನ ಸೇರಿಸಿ. ಏಪ್ರಿಲ್ 8ರ ಮೇಲೆ ಆ ಗೋಡೆ ನಿಮ್ಮದು. ಮದುವೆಗೆ ಆಗಲೂ ಮೂರು ವಾರಕ್ಕಿಂತ ಜಾಸ್ತಿ ಇರುತ್ತದೆ.

ಗೂಡು ಅಂದ ತಕ್ಷಣ ಹಕ್ಕಿ ಅಲ್ಲೇ ಸಂಸಾರ ಹೂಡಿತು, ಇನ್ನು ಬಳ್ಳಿ ಮುಟ್ಟುವ ಹಾಗೇ ಇಲ್ಲ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಹಕ್ಕಿಗೆ ಗೂಡು ಮನೆಯಲ್ಲ, ಬಾಣಂತಿ ಕೋಣೆ. ಒಂದು ತಿಂಗಳ ಕೆಲಸ ಮುಗಿದರೆ ಅದು ಹಿಂತಿರುಗಿ ನೋಡುವುದಿಲ್ಲ. ರಾತ್ರಿ ಮಲಗಲೂ ಬರುವುದಿಲ್ಲ. ನಿಮ್ಮಿಂದ ಅದಕ್ಕೆ ಬೇಕಾಗಿರುವುದು ಆ ಒಂದು ತಿಂಗಳು. ಅದರಲ್ಲಿ ಸ್ವಲ್ಪ ದಿನ ಆಗಲೇ ಕಳೆದಿದೆ.

ಸಾಗಿಸುವುದು ಯಾಕೆ ಬೇಡ? ಕಾವಿಗೆ ಕೂತ ಹಕ್ಕಿ ನೆನಪಿಟ್ಟುಕೊಳ್ಳುವುದು ಜಾಗವನ್ನು. ಮಲ್ಲಿಗೆ ಬಳ್ಳಿಯ ಇಂಥ ಕವಲು ಅಂತ ಅದಕ್ಕೆ ಗೊತ್ತು. ನೀವು ಎಷ್ಟೇ ಜೋಪಾನವಾಗಿ ಹಿತ್ತಲಿಗೆ ಒಯ್ದರೂ ಅದು ಬಂದು ಹುಡುಕುವುದು ಕಿಟಕಿ ಪಕ್ಕದಲ್ಲೇ. ಅಲ್ಲಿ ಗೂಡಿಲ್ಲ ಅಂದರೆ ಅದರ ಪಾಲಿಗೆ ಮೊಟ್ಟೆ ಹೋದ ಹಾಗೆ. ಇನ್ನೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವ ಪದಕ್ಕೆ ಕೊಟ್ಟಿರುವ ಅರ್ಥದಲ್ಲೇ ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದು ಕೂಡ ಸೇರಿದೆ. ನಿಮ್ಮ ತೋಟ ನಿಮ್ಮದೇ ಆದರೂ ಆ ಗೂಡಿನ ಮೇಲೆ ನಮಗೆ ಹಕ್ಕಿಲ್ಲ.

ಈಗ ಅತ್ತೆಯವರ ಮಾತಿಗೆ ಬರೋಣ. ಮನುಷ್ಯರ ಕೈ ವಾಸನೆ ತಾಗಿದರೆ ತಾಯಿ ಮರಿ ಬಿಟ್ಟುಬಿಡುತ್ತದೆ ಅನ್ನುವುದನ್ನು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ವಾಸನೆಯ ವಿಷಯ ನಿಜವಲ್ಲ. ಬಿದ್ದ ಮರಿಯನ್ನು ಎತ್ತಿ ಗೂಡಿಗೆ ಹಾಕಿದರೆ ತಾಯಿ ತಂದೆ ಬಂದು ಗುಟುಕು ಕೊಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಆದರೆ ಅತ್ತೆಯವರ ಎಚ್ಚರಿಕೆ ಸರಿಯಾದದ್ದೇ, ಕಾರಣ ಮಾತ್ರ ಬೇರೆ. ಗೂಡು ಕಟ್ಟುವಾಗಲೂ ಮೊಟ್ಟೆ ಇಟ್ಟ ಹೊಸತರಲ್ಲೂ ಪದೇ ಪದೇ ಕೆಣಕಿದರೆ ಹಕ್ಕಿ ಆ ಜಾಗವನ್ನೇ ಬಿಟ್ಟು ಹೋಗಬಹುದು. ಮರಿ ಆದ ಮೇಲೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ನಾವು ಇಣುಕುವುದನ್ನು ಬೇರೆಯವರೂ ನೋಡುತ್ತಿರುತ್ತಾರೆ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ತುಂಬಾ ವರ್ಷಗಳ ಹಿಂದೆ ನಮ್ಮ ಮನೆ ಕಣಗಿಲೆ ಗಿಡದಲ್ಲಿ ಪಿಕಳಾರ ಮೊಟ್ಟೆ ಇಟ್ಟಿತ್ತು. ತಿಳಿ ಗುಲಾಬಿ ಮೊಟ್ಟೆ, ಮೇಲೆ ಕೆಂಗಂದು ಚುಕ್ಕೆ. ಫೋಟೊಗೆ ಅಡ್ಡ ಬರುತ್ತಿದ್ದ ಎರಡು ರೆಂಬೆಗಳನ್ನು ದಾರ ಕಟ್ಟಿ ಪಕ್ಕಕ್ಕೆ ಎಳೆದೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಯಾರೋ ಕರೆದರು ಅಂತ ಒಳಗೆ ಹೋದವನು ದಾರ ಬಿಚ್ಚುವುದನ್ನೇ ಮರೆತೆ. ಮಧ್ಯಾಹ್ನ ಬಂದರೆ ಗೂಡಿನ ಅಂಚಿನಲ್ಲಿ ಕಾಗೆ ಕೂತಿತ್ತು. ಪಿಕಳಾರಗಳೆರಡೂ ಪಕ್ಕದ ತಂತಿಯ ಮೇಲೆ ಕೂಗಿ ಕೂಗಿ ಸುಸ್ತಾಗಿದ್ದವು. ಆ ಫೋಟೊವನ್ನು ನಾನು ಇವತ್ತಿಗೂ ಯಾರಿಗೂ ತೋರಿಸಿಲ್ಲ. ಆಮೇಲಿನಿಂದ ಗೂಡಿನ ಮುಂದಿನ ಒಂದು ಎಲೆಯನ್ನೂ ನಾನು ಸರಿಸುವುದಿಲ್ಲ.

ಅದಕ್ಕೇ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಕಾಗೆಯ ಸಾಲಿನ ಮೇಲೆ, ಬೆಕ್ಕಿನ ಸಾಲಿನ ಮೇಲಲ್ಲ. ಹೋದ ವರ್ಷ ಗೂಡು ಹಾಗೇ ಇತ್ತು, ಮೊಟ್ಟೆ ಮಾತ್ರ ಇರಲಿಲ್ಲ ಅಂದಿರಿ. ಬೆಕ್ಕೋ ಕೋತಿಯೋ ಬಂದಿದ್ದರೆ ಸಾಮಾನ್ಯವಾಗಿ ಗೂಡು ಕಿತ್ತು ಬರುತ್ತದೆ, ಇಲ್ಲ ಒಂದು ಕಡೆ ಜೋತು ಬೀಳುತ್ತದೆ. ಗೂಡು ನೆಟ್ಟಗಿದ್ದು ಒಳಗೆ ಮಾತ್ರ ಖಾಲಿ ಅಂದರೆ ನನ್ನ ಅನುಮಾನ ಕಾಗೆ, ಕೆಂಬೂತ ಇಲ್ಲವೇ ಹಾವಿನ ಮೇಲೆ. ಕಾಂಪೌಂಡ್ ಮೇಲೆ ದಿನಾ ಅದೇ ಹೊತ್ತಿಗೆ ಅನ್ನ ಸಿಗುತ್ತದೆ ಅಂದರೆ ಕಾಗೆಗಳು ಮೊದಲೇ ಬಂದು ಕಾಯುತ್ತವೆ. ಕಾಯುತ್ತಾ ಕೂತ ಕಾಗೆ ಸುಮ್ನೆ ಕೂರುವುದಿಲ್ಲ. ಪಿಕಳಾರ ಎಲ್ಲಿಂದ ಹಾರಿತು, ಎಲ್ಲಿ ನುಗ್ಗಿತು, ಮಗು ಸ್ಟೂಲ್ ಹತ್ತಿ ಯಾವ ಕೊಂಬೆಯೊಳಗೆ ತಲೆ ಹಾಕಿತು, ಎಲ್ಲವನ್ನೂ ನೋಡುತ್ತಿರುತ್ತದೆ.

ಕಾಗೆಗೆ ಅನ್ನ ಇಡುವುದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಅತ್ತೆಯವರಿಗೆ ಅದು ಎಷ್ಟು ಮುಖ್ಯ ಅಂತ ನನಗೆ ಗೊತ್ತು, ನಮ್ಮ ಮನೆಯಲ್ಲೂ ಇಡುತ್ತಿದ್ದರು. ಜಾಗ ಬದಲಾಯಿಸಿ. ತಾರಸಿಯ ಹಿಂದಿನ ಮೂಲೆಯಲ್ಲೋ ಹಿತ್ತಲ ಗೋಡೆಯ ಮೇಲೋ ಇಡಲಿ. ಮಲ್ಲಿಗೆ ಬಳ್ಳಿ ಕಾಣದ ಕಡೆ ಆದರೆ ಸಾಕು. ಎರಡು ಮೂರು ದಿನದಲ್ಲಿ ಕಾಗೆಗಳು ಅಲ್ಲಿಗೇ ಬರುವುದನ್ನು ಕಲಿಯುತ್ತವೆ. ಇನ್ನು ನೀವು ಮಾಡುವ ಬೇರೆ ಯಾವ ಕೆಲಸಕ್ಕಿಂತಲೂ ಇದರಿಂದ ಜಾಸ್ತಿ ಉಪಯೋಗ ಅಂತ ನನ್ನ ಲೆಕ್ಕ.

ಹೀಗೆ ಹೇಳಿದೆ ಅಂತ ಕಾಗೆಯ ಮೇಲೆ ಕೋಪ ಬೇಡ. ಬೇಸಿಗೆಯಲ್ಲಿ ಅದಕ್ಕೂ ಮರಿ ಇರುತ್ತದೆ. ಸಾಲದ್ದಕ್ಕೆ ಕೋಗಿಲೆಯ ಮರಿಯನ್ನೂ ಸಾಕುತ್ತಿರುತ್ತದೆ. ಬೆಂಗಳೂರಿನಲ್ಲಿ ಕೋಗಿಲೆ ಕೂಗು ಜೋರಾಯಿತು ಅಂದರೆ ಎಲ್ಲೋ ಕಾಗೆ ಗೂಡಿನ ಮೇಲೆ ಕಣ್ಣಿಟ್ಟಿದೆ ಅಂತಲೇ ಅರ್ಥ.

ಬೆಕ್ಕಿಗೂ ಒಂದು ವ್ಯವಸ್ಥೆ ಮಾಡಿ. ಬೋಗನ್‌ವಿಲ್ಲಾ ಇದ್ದರೆ ಮುಳ್ಳಿನ ಕಡ್ಡಿ ಕತ್ತರಿಸಿ ಬಳ್ಳಿಯ ಬುಡದ ಸುತ್ತ ಎರಡಡಿ ಅಗಲ ಹರಡಿ. ನಿಂಬೆ ಕೊಂಬೆಯೂ ಆಗುತ್ತದೆ. ಬಳ್ಳಿ ಹಬ್ಬಿರುವುದು ಕಬ್ಬಿಣದ ಕಂಬಕ್ಕಾದರೆ ನೆಲದಿಂದ ಎರಡಡಿ ಮೇಲೆ ನುಣುಪಾದ ತಗಡು ಸುತ್ತಿದರೆ ಹತ್ತಲು ಉಗುರು ಹಿಡಿಯುವುದಿಲ್ಲ. ನುಸಿಗುಳಿಗೆ, ಫಿನಾಯಿಲ್ ಇಂಥದ್ದು ಬೇಡವೇ ಬೇಡ. ಬೆಕ್ಕು ಹೋಗುವುದು ಅನುಮಾನ, ಆ ವಿಷದ ಗಾಳಿಯಲ್ಲಿ ಕೂತಿರಬೇಕಾದ್ದು ಹಕ್ಕಿ. ಕೇರೆ ಹಾವು ಕಂಡರೆ ಬಿಟ್ಟುಬಿಡಿ. ಅದಕ್ಕೆ ವಿಷವಿಲ್ಲ, ನಿಮ್ಮ ಚರಂಡಿಯ ಇಲಿಗಳನ್ನು ಹಿಡಿಯುತ್ತಿರುವುದೂ ಅದೇ. ಒಂದು ಗೂಡು ಹೋದರೂ ಹಾವನ್ನು ಹೊಡೆಯಬಾರದು ಅನ್ನುವವನು ನಾನು.

ಮೊಮ್ಮಗನನ್ನು ಗದರಬೇಡಿ. ಅವನಿಗೆ ಕಿಟಕಿ ಕೊಡಿ. ಗೂಡು ಕಿಟಕಿ ಪಕ್ಕ ಅಂದಿರಲ್ಲ, ಅದಕ್ಕಿಂತ ಒಳ್ಳೆ ಜಾಗ ಬೇರೆ ಯಾವುದು? ಪರದೆ ಎಳೆದು ಎರಡು ಬೆರಳಿನಷ್ಟು ಸಂದು ಬಿಡಿ. ಕೋಣೆಯ ದೀಪ ಆರಿಸಿ. ಅವನು ಒಳಗಿನಿಂದ ಎಷ್ಟು ಹೊತ್ತಾದರೂ ನೋಡಲಿ. ಒಂದು ನೋಟ್‌ಬುಕ್ ಕೊಟ್ಟು ಬರೆಯಲು ಹೇಳಿ: ಯಾವಾಗ ಬಂತು, ಬಾಯಲ್ಲಿ ಏನಿತ್ತು, ಅರ್ಧ ಗಂಟೆಯಲ್ಲಿ ಎಷ್ಟು ಸಲ ಬಂತು. ಮೊಟ್ಟೆ ಒಡೆದಿದ್ದು ಅವನಿಗೇ ಮೊದಲು ಗೊತ್ತಾಗುತ್ತದೆ. ಅಲ್ಲಿಯವರೆಗೆ ಬರಿಬಾಯಲ್ಲಿ ಬರುತ್ತಿದ್ದ ಹಕ್ಕಿ ಒಂದು ದಿನ ಸಣ್ಣ ಹುಳು ಕಚ್ಚಿಕೊಂಡು ಬರುತ್ತದೆ. ಆ ಸಾಲನ್ನು ಅವನು ದೊಡ್ಡವನಾದ ಮೇಲೂ ನೆನಪಿಟ್ಟುಕೊಳ್ಳುತ್ತಾನೆ.

ಹುಟ್ಟಿದ ಮರಿಗೆ ರೆಕ್ಕೆಪುಕ್ಕ ಇರುವುದಿಲ್ಲ, ಕಣ್ಣೂ ಬಿಟ್ಟಿರುವುದಿಲ್ಲ. ಕೊಂಬೆ ಅಲ್ಲಾಡಿದರೆ ಸಾಕು, ಅಮ್ಮ ಬಂದಳು ಅಂತ ಬಾಯಿ ತೆರೆಯುತ್ತದೆ. ತಂದೆ ತಾಯಿ ಇಬ್ಬರೂ ತಿನಿಸು ತರುತ್ತವೆ. ಮೊದಲ ದಿನಗಳಲ್ಲಿ ಬೇಕಾಗುವುದು ಮೆತ್ತನೆಯ ಹುಳು, ಕಂಬಳಿಹುಳದ ಸಣ್ಣ ಮರಿ, ಮಿಡತೆ. ಆಮೇಲೆ ಹಣ್ಣು. ನಿಮ್ಮ ಬೀದಿಯಲ್ಲಿ ಗಸಗಸೆ ಹಣ್ಣಿನ ಮರ ಇದ್ದರೆ ಪಿಕಳಾರ ಈ ಮನೆ ಆರಿಸಿಕೊಂಡಿದ್ದಕ್ಕೆ ಅದೂ ಕಾರಣ ಇರಬಹುದು. ಗುಟುಕು ಕೊಟ್ಟ ಮೇಲೆ ಮರಿಯ ಹಿಂಭಾಗವನ್ನು ಗಮನಿಸಲು ಹೇಳಿ. ಮರಿ ಹಾಕುವ ಹಿಕ್ಕೆ ಬಿಳಿ ಚೀಲದ ಹಾಗಿರುತ್ತದೆ. ತಾಯಿಯೋ ತಂದೆಯೋ ಅದನ್ನು ಕೊಕ್ಕಿನಲ್ಲಿ ಎತ್ತಿ ದೂರ ಒಯ್ಯುತ್ತದೆ, ಕೆಲವು ಸಲ ನುಂಗಿಬಿಡುತ್ತದೆ. ಗೂಡಿನ ಕೆಳಗೆ ಕೊಳಕು ಬಿದ್ದರೆ ಶತ್ರುವಿಗೆ ಗುರುತು ಸಿಗುತ್ತದೆ, ಅದಕ್ಕೆ ಈ ಜಾಣತನ. ಗೋಡೆ ಗಲೀಜಾಗುತ್ತದೆ ಅನ್ನುವ ಭಯ ನಿಮಗಿದ್ದರೆ ಬಿಟ್ಟುಬಿಡಿ. ಪಾರಿವಾಳದ ಕಥೆ ಬೇರೆ. ಅದು ಬಾಲ್ಕನಿಯಲ್ಲಿ ಕಡ್ಡಿ ತರಲು ಶುರು ಮಾಡಿದಾಗಲೇ, ಮೊಟ್ಟೆ ಇಡುವ ಮೊದಲೇ, ಜಾಗ ಮುಚ್ಚಿಬಿಡಬೇಕು.

ನೀವು ಹತ್ತಿರ ಹೋದದ್ದು ಜಾಸ್ತಿಯಾಯಿತು ಅಂತ ತಿಳಿಯಲು ಸುಲಭವಾದ ಗುರುತಿದೆ. ಹಕ್ಕಿ ಬಾಯಲ್ಲಿ ಹುಳು ಇಟ್ಟುಕೊಂಡು ಗೂಡಿಗೆ ಹೋಗದೆ ತಂತಿಯ ಮೇಲೋ ಗೇಟಿನ ಮೇಲೋ ಕುಣಿಯುತ್ತಾ ಕೂಗುತ್ತಿದ್ದರೆ ತಡೆದಿರುವುದು ನೀವೇ. ತಕ್ಷಣ ಹಿಂದೆ ಸರಿಯಿರಿ. ಒಮ್ಮೊಮ್ಮೆ ರೆಕ್ಕೆ ಮುರಿದ ಹಾಗೆ ನೆಲದ ಮೇಲೆ ಹೊರಳುತ್ತದೆ. ಅದಕ್ಕೆ ಗಾಯವಾಗಿರುವುದಿಲ್ಲ, ನಿಮ್ಮ ಗಮನವನ್ನು ಗೂಡಿನಿಂದ ಬೇರೆ ಕಡೆ ಸೆಳೆಯುತ್ತಿರುತ್ತದೆ. ಅದನ್ನು ಹಿಡಿದು ಔಷಧ ಹಚ್ಚಲು ಹೋದವರೂ ಇದ್ದಾರೆ, ಪಾಪ.

ಇನ್ನು ಬಣ್ಣದ ವಿಚಾರ. ಮೇಸ್ತ್ರಿ 20ಕ್ಕೆ ಬರಲಿ. ಒಳಗಿನ ಕೋಣೆಗಳು, ಹಿಂದಿನ ಗೋಡೆ, ಎರಡು ಪಕ್ಕ ಮುಗಿಸಲಿ. ಹೇಗೂ ಪುಟ್ಟಿ, ಪ್ರೈಮರ್, ಎರಡು ಕೋಟ್ ಅಂತ ಎರಡು ಮೂರು ವಾರ ಎಳೆಯುತ್ತದೆ ಅಲ್ವಾ? ಮುಂದಿನ ಗೋಡೆಯನ್ನು ಕೊನೆಗೆ ಇಟ್ಟುಕೊಳ್ಳಲಿ. ಬರಿ ಮಾತಿನಲ್ಲಿ ಹೇಳಿ ಬಿಡಬೇಡಿ. ಮೇಸ್ತ್ರಿಗೆ ಹೇಳಿದ್ದು ಕೆಲಸದ ಹುಡುಗರಿಗೆ ತಲುಪಿರುವುದಿಲ್ಲ. ಬಳ್ಳಿಯಿಂದ ಆರಡಿ ಈಚೆಗೆ ಒಂದು ಹಗ್ಗ ಕಟ್ಟಿ, ಅದರಾಚೆ ಏಣಿ, ಸಾರುವೆ, ಡಬ್ಬ ಏನೂ ಬೇಡ ಅಂತ ಪ್ರತಿಯೊಬ್ಬರಿಗೂ ತೋರಿಸಿ ಹೇಳಿ. ಕೂತ ಹಕ್ಕಿಯನ್ನು ಒಮ್ಮೆ ದೂರದಿಂದ ತೋರಿಸಿದರೆ ಇನ್ನೂ ಒಳ್ಳೆಯದು. ನನ್ನ ಅನುಭವದಲ್ಲಿ ಆ ಹುಡುಗರು ನಮಗಿಂತ ಜಾಸ್ತಿ ಕಾಳಜಿ ಮಾಡುತ್ತಾರೆ. ಪಕ್ಕದ ಗೋಡೆಯ ಪುಟ್ಟಿ ಉಜ್ಜುವ ದಿನ ಧೂಳು ಬಳ್ಳಿ ಕಡೆ ಬೀಸುತ್ತಿದೆಯಾ ಅಂತ ನೋಡಿಕೊಳ್ಳಿ. ಮದುವೆಗೆ ಅಂತ ಸೀರಿಯಲ್ ಸೆಟ್ ದೀಪ ಮೊದಲೇ ಕಟ್ಟಿಸುವ ಆಲೋಚನೆ ಇದ್ದರೆ ಆ ಬಳ್ಳಿಯ ಹತ್ತಿರ ಬೇಡ. ರಾತ್ರಿ ಕತ್ತಲೇ ಅದಕ್ಕಿರುವ ರಕ್ಷಣೆ.

ಮಲ್ಲಿಗೆ ಹೂವಿನ ಕಾಲ ಇದು, ಬಿಡಿಸದೆ ಇರಲು ಮನಸ್ಸು ಬರುವುದಿಲ್ಲ. ಗೂಡಿನಿಂದ ಮೂರು ನಾಲ್ಕು ಅಡಿ ಬಿಟ್ಟು ಉಳಿದ ಕಡೆ ಧಾರಾಳವಾಗಿ ಬಿಡಿಸಿ. ದಿನಾ ಒಂದೇ ಹೊತ್ತಿಗೆ, ಅವಸರವಿಲ್ಲದೆ, ಐದು ಹತ್ತು ನಿಮಿಷದಲ್ಲಿ ಮುಗಿಸಿ. ನಿಮ್ಮ ಓಡಾಟಕ್ಕೆ ಅದು ಒಗ್ಗಿಕೊಂಡಿದೆ. ಇಲ್ಲದಿದ್ದರೆ ಕಿಟಕಿ ಪಕ್ಕ ಬರುತ್ತಲೇ ಇರಲಿಲ್ಲ. ಬೆಚ್ಚಿ ಹಾರಿದ ಹಕ್ಕಿ ಮಧ್ಯಾಹ್ನದ ಬಿಸಿಲಲ್ಲಿ ವಾಪಸ್ ಬರುವುದು ತಡವಾದರೆ ಮೊಟ್ಟೆ ಬೆಂದುಹೋಗುತ್ತದೆ, ಅದೊಂದು ಭಯ. ಹಾಗಾಗಿ ಹನ್ನೊಂದರಿಂದ ಮೂರರವರೆಗೆ ಆ ಕಡೆ ಹೋಗದಿದ್ದರೆ ಒಳ್ಳೆಯದು. ನೀರು ಹಾಕುವಾಗ ಪೈಪ್ ಮೇಲೆತ್ತಿ ಎರಚದೆ ಬುಡಕ್ಕೆ ಬಿಡಿ. ಮೊಗ್ಗು ಕೊರೆಯುವ ಹುಳು ಬಿದ್ದಿದ್ದರೂ ಈ ನಾಲ್ಕು ವಾರ ಔಷಧ ಹೊಡೆಯಬೇಡಿ, ಬೇವಿನೆಣ್ಣೆಯೂ ಬೇಡ. ನೀವು ಹುಳುವಿಗೆ ಹೊಡೆದ ಔಷಧ ಅದೇ ಹುಳುವಿನ ಜೊತೆ ಮರಿಯ ಬಾಯಿಗೆ ಹೋಗುತ್ತದೆ. ಹಾಗೆ ನೋಡಿದರೆ ನಿಮ್ಮ ಮೊಗ್ಗಿನ ಹುಳುಗಳನ್ನು ಆರಿಸಿ ತಿನ್ನಿಸುವ ಕೆಲಸವನ್ನು ಪಿಕಳಾರ ತಾನೇ ಮಾಡುತ್ತಿರುತ್ತದೆ. ಇರುವೆ ಕಂಡರೂ ಸೀಮೆಸುಣ್ಣದ ಗೆರೆ ಎಳೆಯಬೇಡಿ, ಅದರಲ್ಲಿರುವುದೂ ಕೀಟನಾಶಕವೇ.

ಕುಡಿಯಲು ನೀರು ಇಡಿ, ಕಾಳು ಬೇಡ. ಅಗಲವಾದ ಮಣ್ಣಿನ ತಟ್ಟೆ, ಒಂದು ಒಂದೂವರೆ ಅಂಗುಲ ನೀರು, ಗೂಡಿನಿಂದ ಆದಷ್ಟು ದೂರ. ದಿನಾ ಚೆಲ್ಲಿ ಹೊಸ ನೀರು ತುಂಬಿದರೆ ಸೊಳ್ಳೆ ಆಗುವುದಿಲ್ಲ.

ನಿಮ್ಮನ್ನು ಜಾಸ್ತಿ ಗಾಬರಿಗೊಳಿಸುವುದು ಮರಿಗಳು ಇಳಿಯುವ ದಿನ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಪಿಕಳಾರದ ಮರಿ ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಡುತ್ತದೆ. ಮೋಟು ಬಾಲ, ಮೈ ತುಂಬ ಪುಕ್ಕ, ಕೆನ್ನೆಯ ಕೆಂಪು ಇನ್ನೂ ಬಂದಿರುವುದಿಲ್ಲ. ನೆಲದ ಮೇಲೆ ಕುಪ್ಪಳಿಸುತ್ತಾ ಕುಂಡದ ಹಿಂದೆ ಸೇರಿಕೊಳ್ಳುತ್ತದೆ. ನೋಡಿದವರು ಮರಿ ಬಿದ್ದುಹೋಯಿತು ಅಂತ ರಟ್ಟಿನ ಪೆಟ್ಟಿಗೆಗೆ ಹಾಕಿ ಹಾಲು, ಬ್ರೆಡ್ಡು ಕೊಡಲು ಹೊರಡುತ್ತಾರೆ. ಅದು ಬಿದ್ದಿಲ್ಲ, ಇಳಿದಿದೆ. ತಂದೆ ತಾಯಿ ಮೇಲಿನಿಂದ ನೋಡುತ್ತಿರುತ್ತವೆ, ಅಲ್ಲೇ ಬಂದು ಉಣಿಸುತ್ತವೆ. ಬೆಕ್ಕಿನ ಭಯ ಇದ್ದರೆ ಎತ್ತಿ ಹತ್ತಿರದ ಪೊದೆಯಲ್ಲಿ ಕೂರಿಸಿ ಒಳಗೆ ಹೋಗಿ. ಗೇಟಿನ ಒಳಗೆ ಬೈಕ್ ತರುವ ಮೊದಲು ನೆಲ ನೋಡಿಕೊಳ್ಳಿ. ಆ ಎರಡು ಮೂರು ದಿನ ಅಷ್ಟೇ.

ಪುಕ್ಕ ಬಾರದ ಮರಿ ಬಿದ್ದರೆ ಮಾತ್ರ ಬೇರೆ ಮಾತು. ಮೈ ಬೆಚ್ಚಗಿದ್ದು ಗಾಯವಿಲ್ಲದಿದ್ದರೆ ಮೆಲ್ಲಗೆ ಎತ್ತಿ ಅದೇ ಗೂಡಿಗೆ ಇಡಿ. ಗಾಳಿಮಳೆಗೆ ಗೂಡೇ ಕಿತ್ತು ಬಂದರೆ, ಏಪ್ರಿಲ್ ಮಳೆ ಹೇಗೆ ಅಂತ ನಿಮಗೇ ಗೊತ್ತು, ಸಣ್ಣ ಬಿದಿರಿನ ಬುಟ್ಟಿಯಲ್ಲಿ ಹಳೇ ಗೂಡನ್ನು ಕೂರಿಸಿ ಅದೇ ಕವಲಿಗೆ ಕಟ್ಟಿ. ಬುಟ್ಟಿಯ ತಳದಲ್ಲಿ ನೀರು ಸೋರಲು ಸಂದು ಇರಬೇಕು. ಕಟ್ಟಿದ ಮೇಲೆ ಒಂದೆರಡು ಗಂಟೆ ಕಿಟಕಿಯಿಂದ ಕಾದು ನೋಡಿ. ಮರಿಯ ಬಾಯಿಗೆ ನೀರು ಮಾತ್ರ ಹಾಕಬೇಡಿ. ಅದರ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ, ಒಂದು ಹನಿ ತಪ್ಪಿದರೂ ಶ್ವಾಸಕೋಶಕ್ಕೆ ಹೋಗುತ್ತದೆ. ಒಳ್ಳೆ ಮನಸ್ಸಿನವರ ಕೈಯಲ್ಲೇ ಹೀಗೆ ಎಷ್ಟೋ ಮರಿ ಸತ್ತಿವೆ. ಬೆಕ್ಕು ಕಚ್ಚಿದ ಮರಿಗೆ ಗಾಯ ಎಷ್ಟೇ ಸಣ್ಣದಿರಲಿ ಔಷಧ ಬೇಕೇ ಬೇಕು, ಬೆಕ್ಕಿನ ಹಲ್ಲಿನ ನಂಜು ಬೇಗ ಏರುತ್ತದೆ. ಗಾಳಿಯಾಡುವ ಪೆಟ್ಟಿಗೆಯಲ್ಲಿ ಹತ್ತಿ ಬಟ್ಟೆ ಹಾಸಿ, ಮುಚ್ಚಿ, ತಡ ಮಾಡದೆ ಒಯ್ಯಿರಿ. ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ನಿಮಗೆ ಹೆಚ್ಚು ದೂರವೂ ಅಲ್ಲ.

ಇಷ್ಟೆಲ್ಲ ಮಾಡಿದರೂ ಗೂಡು ಹಾಳಾಗಬಹುದು. ಇದನ್ನು ಮುಚ್ಚಿಡುವುದು ಸರಿಯಲ್ಲ. ಪಿಕಳಾರ ಕಟ್ಟುವುದು ಎಲ್ಲರಿಗೂ ಕಾಣುವಂಥ ಬಟ್ಟಲಿನ ಗೂಡು, ಅದೂ ಕೈಗೆ ಎಟಕುವ ಎತ್ತರದಲ್ಲಿ. ಎಲ್ಲ ಕಡೆಯೂ ಅವುಗಳ ಎಷ್ಟೋ ಗೂಡುಗಳು ಹೀಗೇ ಹೋಗುತ್ತವೆ. ಹೋದ ವರ್ಷದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಮೊಟ್ಟೆ ಕಳೆದುಕೊಂಡ ಜೋಡಿ ಸ್ವಲ್ಪ ದಿನದಲ್ಲೇ ಬೇರೆ ಕಡೆ ಮತ್ತೆ ಕಡ್ಡಿ ಎತ್ತುತ್ತದೆ. ನಿಮ್ಮಲ್ಲಿಗೆ ಎರಡನೇ ಸಲ ಬಂದಿದೆ ಅಂದರೆ ತೋಟದಲ್ಲಿ ಅದಕ್ಕೆ ಬೇಕಾದ್ದು ಏನೋ ಇದೆ.

ಮರಿಗಳು ಹೋದ ಮೇಲೆ ಗೂಡು ಖಾಲಿ ಅಂತ ಎರಡು ಮೂರು ದಿನ ನೋಡಿ ಖಾತ್ರಿ ಮಾಡಿಕೊಂಡು ತೆಗೆಯಬಹುದು. ಸಾಮಾನ್ಯವಾಗಿ ಅವು ಪ್ರತಿ ಸಲ ಹೊಸದನ್ನೇ ಕಟ್ಟುತ್ತವೆ. ಹಳೇ ಗೂಡಿನಲ್ಲಿ ನುಸಿ ಇರುತ್ತದೆ, ಮೊಮ್ಮಗ ಇಟ್ಟುಕೊಳ್ಳುತ್ತೇನೆ ಅಂದರೂ ಒಳಗೆ ತರಬೇಡಿ. ಗೋಡೆಗಾಗಿ ಬಳ್ಳಿ ಸವರಬೇಕಾದರೆ ಆಗ ಸವರಿ. ಮುಂದಿನ ವರ್ಷದಿಂದ ಡಿಸೆಂಬರ್‌ನಲ್ಲೇ ಸವರಿಬಿಟ್ಟರೆ ಮಲ್ಲಿಗೆಗೂ ಅದೇ ಸರಿಯಾದ ಕಾಲ. ಕತ್ತರಿ ಹಾಕುವ ಮೊದಲು ಆಗಲೂ ಒಮ್ಮೆ ಒಳಗೆ ನೋಡಿ, ಕೆಲವು ಪಿಕಳಾರಗಳು ಡಿಸೆಂಬರ್‌ನಲ್ಲೇ ಶುರು ಮಾಡುತ್ತವೆ.

ಕೊನೆಗೊಂದು ಕೆಲಸ. ಅದೇ ಜೋಡಿ ಏಪ್ರಿಲ್ ಕೊನೆಗೆ ಮತ್ತೆ ಗೂಡು ಹೂಡಬಹುದು, ಅಷ್ಟರಲ್ಲಿ ಸೂರಕ್ಕಿಯೂ ಬರಬಹುದು. ಸೂರಕ್ಕಿ ಜೇಡರ ಬಲೆಯಲ್ಲಿ ನಾರು, ಕಸಕಡ್ಡಿ ಹೆಣೆದು ಚೀಲದಂಥ ಗೂಡನ್ನು ತೂಗುಹಾಕುತ್ತದೆ. ದೀಪದ ವೈರು, ಬಾಗಿಲ ಮೇಲಿನ ಮೊಳೆ, ಬಟ್ಟೆ ಹಗ್ಗದ ತುದಿ ಯಾವುದಾದರೂ ಅದಕ್ಕೆ ಆಗುತ್ತದೆ. ನೋಡಿದರೆ ಕಸ ಜೋತುಬಿದ್ದ ಹಾಗಿರುತ್ತದೆ, ಮದುವೆ ಮನೆಯ ಅವಸರದಲ್ಲಿ ಯಾರಾದರೂ ಗುಡಿಸಿ ಹಾಕಿಬಿಡುತ್ತಾರೆ. ಚಪ್ಪರ ಹಾಕುವವರು ಬರುವುದಕ್ಕೆ ಒಂದು ವಾರ ಮುಂಚೆಯೇ ಮೊಮ್ಮಗನ ಕೈ ಹಿಡಿದುಕೊಂಡು ಮನೆ ಸುತ್ತ ಒಂದು ಸುತ್ತು ಬನ್ನಿ. ಎಲ್ಲಿ ಏನಿದೆ ಅಂತ ಅವನ ನೋಟ್‌ಬುಕ್‌ನಲ್ಲಿ ಬರೆಸಿ, ಚಪ್ಪರದ ಕಂಬ ಎಲ್ಲಿ ನೆಡಬೇಕು ಅನ್ನುವುದನ್ನು ಆಮೇಲೆ ಹೇಳಿ.